ಡಾಕ್ಟರ್ ಯಾವಾಗ ಬರ್ತಾರೆ?

ಭಾರತದಲ್ಲಿ ಎಂ.ಬಿ.ಬಿ.ಎಸ್. ಓದಿದವರು ಜರ್ಮನಿಯಲ್ಲಿ ವೈದ್ಯರಾಗಿ ಕೆಲಸ ಮಾಡಬೇಕಾದರೆ ‘ಅಪ್ರೊಬಾಟ್ಸಿಯೋನ್’ ಎಂಬ ಪರವಾನಗಿ ಪಡೆಯಬೇಕು. 2012ರ ಏಪ್ರಿಲ್‌ಗೆ ಮೊದಲು ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಅದು ಸಿಗುತ್ತಿದ್ದುದೇ ಅಪರೂಪ. ಪರವಾನಗಿಯನ್ನು ಪೌರತ್ವದ ಗೂಟಕ್ಕೆ ಕಟ್ಟಿಬಿಟ್ಟಿದ್ದರು. ಆ ತಿಂಗಳು ಹೊಸ ಕಾನೂನು ಜಾರಿಯಾಗಿ, ಯಾವ ದೇಶದವರಾದರೂ ಸರಿ, ಏನು ಓದಿದ್ದಾರೆಂದು ನೋಡಿ ಪರವಾನಗಿ ಕೊಡಬಹುದು ಎಂದಾಯಿತು. ನಾನು ವರ್ಷದ ಮಗಳನ್ನು ಎತ್ತಿಕೊಂಡು, ಗಂಡನಿಗೆ ಇಲ್ಲಿ ಕೆಲಸ ಸಿಕ್ಕಿತೆಂದು, ಸ್ಟುಟ್‌ಗಾರ್ಟ್ ಪಕ್ಕದ ಎಸ್ಲಿಂಗೆನ್ನಿಗೆ ಬಂದದ್ದು 2011ರ ಚಳಿಗಾಲದಲ್ಲಿ. ಒಳ್ಳೇ ಹೊತ್ತಿಗೆ ಬಂದಿದ್ದೀಯ ಎಂದು ಎಲ್ಲರೂ ಅಂದರು. ಪರವಾನಗಿ ನನ್ನ ಕೈ ಸೇರುವ ಹೊತ್ತಿಗೆ ಮಗಳು ಮೂರನೇ ಕ್ಲಾಸಿನಲ್ಲಿದ್ದಳು.

ಆ ವರ್ಷಗಳ ಪಾಡನ್ನು ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಪರವಾನಗಿ ಬಂದ ದಿನಕ್ಕೆ ಕತೆ ಮುಗಿಸಿದ್ದರೆ ಬರೆಯುವುದು ಸುಲಭವಿತ್ತು, ಓದುವವರಿಗೂ ಹಿತವಾಗುತ್ತಿತ್ತು. ಆದರೆ ನನ್ನನ್ನು ಹೆಚ್ಚು ನೋಯಿಸಿದ ಸಂಗತಿಗಳು ನಡೆದದ್ದು ಅದಾದ ಮೇಲೆ.

ನಮ್ಮದು ಚಿತ್ರದುರ್ಗ ಜಿಲ್ಲೆಯ ಹಳ್ಳಿ. ಅಪ್ಪ ಪ್ರೈಮರಿ ಶಾಲೆ ಮೇಷ್ಟ್ರು. ನಮ್ಮ ವಂಶದಲ್ಲಿ ಅಕ್ಷರ ಕಂಡವರಲ್ಲಿ ಅವರೇ ಮೊದಲಿಗರು. ನಾನು ದಾವಣಗೆರೆಯಲ್ಲಿ ಮೆಡಿಕಲ್ ಮುಗಿಸಿ ಚಳ್ಳಕೆರೆ ಕಡೆಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸೇರಿದಾಗ ಊರವರು ನನ್ನನ್ನು ‘ಡಾಕ್ಟ್ರಮ್ಮ’ ಅಂದರು. ನಮ್ಮ ಅಜ್ಜ ಯಾವ ಮನೆಯ ಜಗಲಿ ದಾಟುವಂತಿರಲಿಲ್ಲವೋ ಆ ಮನೆಯ ನಡುಮನೆಯಲ್ಲಿ ಕೂತು ಯಜಮಾನರ ಬಿ.ಪಿ. ನೋಡಿದ್ದೇನೆ. ಅವರ ಸೊಸೆ ತಂದುಕೊಟ್ಟ ಕಾಫಿ ಕುಡಿದಿದ್ದೇನೆ. ಓದಿದರೆ ಬಾಗಿಲು ತೆರೆಯುತ್ತದೆ ಎಂಬುದು ನನಗೆ ಯಾರೋ ಹೇಳಿಕೊಟ್ಟ ಮಾತಾಗಿರಲಿಲ್ಲ, ಕಣ್ಣಾರೆ ಕಂಡ ಸತ್ಯವಾಗಿತ್ತು. ಜಾತಿಯನ್ನೇ ಪಕ್ಕಕ್ಕೆ ಸರಿಸಿದ ಓದು ಬೇರೆ ದೇಶದಲ್ಲಿ ಕೈಬಿಡುತ್ತದೆಯೇ ಎಂಬ ಧೈರ್ಯದಲ್ಲೇ ನಾನು ವಿಮಾನ ಹತ್ತಿದ್ದು.

ಬಂದ ಹೊಸತರಲ್ಲಿ ಜನ ತುಂಬ ಚೆನ್ನಾಗಿ ನಡೆಸಿಕೊಂಡರು. ಇದನ್ನು ನಾನು ಒತ್ತಿ ಹೇಳಬೇಕು. ಪಕ್ಕದ ಮನೆಯ ಅಜ್ಜಿ ಕ್ರಿಸ್‌ಮಸ್‌ಗೆ ಬಿಸ್ಕತ್ತು ತಟ್ಟೆ ತಂದುಕೊಟ್ಟರು. ಮಗುವಿನ ಗಾಡಿಯನ್ನು ಬಸ್ಸಿಗೆ ಹತ್ತಿಸಲು ಗೊತ್ತಿಲ್ಲದವರು ಕೈಕೊಟ್ಟರು. ನಾನು ಮೂರು ಪದ ಜೋಡಿಸಿ ಆಲೂಗಡ್ಡೆ ಕೇಳಿದರೆ ಸಂತೆಯ ಹೆಂಗಸು ಎಷ್ಟು ಚೆಂದ ಜರ್ಮನ್ ಮಾತಾಡ್ತೀರಿ ಅನ್ನುತ್ತಿದ್ದಳು. ಸರ್ಕಾರದ ಇಂಟಿಗ್ರೇಷನ್ ಕೋರ್ಸಿಗೆ ಸೇರಿದೆ: 600 ತಾಸು ಭಾಷೆ, ಆಮೇಲೆ ಈ ದೇಶದ ಕಾನೂನು, ಚರಿತ್ರೆ, ರೀತಿನೀತಿ. ಕೊನೆಯ ಪರೀಕ್ಷೆಯಲ್ಲಿ 33 ಪ್ರಶ್ನೆ. ಅದರಲ್ಲಿ ಪಾಸಾದ ದಿನ ನನಗೆ ಈ ಊರು ನನ್ನದು ಅನಿಸಿತ್ತು. ಹಾಗೆ ಅನಿಸಿದ್ದು ಆಮೇಲೆ ಮತ್ತೆ ಅಷ್ಟು ಸಲೀಸಾಗಿ ಬರಲಿಲ್ಲ.

ಅಲ್ಲಿಂದ ಕಾಗದಪತ್ರದ ಕೆಲಸ. ನಾನು ಓದಿದ ಪ್ರತಿ ವಿಷಯಕ್ಕೂ ಎಷ್ಟು ತಾಸು ಪಾಠ, ಎಷ್ಟು ತಾಸು ಪ್ರಾಕ್ಟಿಕಲ್ ಎಂದು ವಿಶ್ವವಿದ್ಯಾಲಯದ ಮುದ್ರೆಯೊಂದಿಗೆ ತೋರಿಸಬೇಕು. ಇಲ್ಲಿಯ ಕೋರ್ಸಿನ ಜೊತೆ ಅದನ್ನು ವಿಷಯವಾರು ತಾಳೆ ನೋಡುತ್ತಾರೆ. ನನ್ನ ಮೇಲೆ ಯಾವ ಆರೋಪವೂ ಇಲ್ಲ ಎಂದು ವೈದ್ಯಕೀಯ ಪರಿಷತ್ತಿನ ಸರ್ಟಿಫಿಕೇಟು. ಅದು ಮೂರು ತಿಂಗಳಿಗಿಂತ ಹಳತಾಗಿರಬಾರದು. ಎಲ್ಲವೂ ಪ್ರಮಾಣಿತ ಅನುವಾದಕರ ಕೈಯಿಂದ ಜರ್ಮನ್‌ಗೆ ಬರಬೇಕು, ಅದಕ್ಕೆ ಸಾಲಿಗಿಷ್ಟು ಎಂದು ದುಡ್ಡು. ಒಂದು ಬರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರುತ್ತಿತ್ತು. ರಿಟೈರ್ ಆಗಿದ್ದ ಅಪ್ಪ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ, ಕೌಂಟರ್ ಮುಂದೆ ನಿಂತು, ಸಂಜೆ ಬಸ್ಸಿಗೆ ವಾಪಸಾಗುತ್ತಿದ್ದರು. ಫೋನಿನಲ್ಲಿ ಒಂದು ದಿನವೂ ಬೇಸರ ತೋರಿಸಲಿಲ್ಲ. ‘ನಿನ್ನ ಸಿಲೆಬಸ್ ಪೂರ್ತಿ ಓದಿದೆ ಕಣಮ್ಮ, ಇಷ್ಟೆಲ್ಲ ಓದಿದ್ದೀಯಾ?’ ಅಂದರು ಒಮ್ಮೆ.

ಕಚೇರಿಯ ಉತ್ತರ ಬಂತು: ನಿಮ್ಮ ಶಿಕ್ಷಣಕ್ಕೂ ಇಲ್ಲಿಯದಕ್ಕೂ ಗಣನೀಯ ವ್ಯತ್ಯಾಸಗಳಿವೆ, ಜ್ಞಾನಪರೀಕ್ಷೆ ಕೊಡಬೇಕು, ಅದಕ್ಕೆ ಮೊದಲು ವೈದ್ಯಕೀಯ ಜರ್ಮನ್ ಪರೀಕ್ಷೆ. ಪರೀಕ್ಷೆಗೆ ನಾನು ಹೆದರುವವಳಲ್ಲ. ಆದರೆ ಅಲ್ಲಿಯವರೆಗೆ ಸುಮ್ಮನೆ ಕೂರಲಾರದೆ ಒಂದು ವೃದ್ಧಾಶ್ರಮದಲ್ಲಿ ಸಹಾಯಕಿಯ ಕೆಲಸ ಹಿಡಿದೆ. ಬೆಳಗಿನ ಆರು ಗಂಟೆಗೆ ಹೋಗಿ ಹಿರಿಯರ ಮೈ ಒರೆಸುವುದು, ಬಟ್ಟೆ ಹಾಕುವುದು, ಊಟ ಮಾಡಿಸುವುದು. ಕೆಲಸದಲ್ಲಿ ಕೀಳೇನೂ ಇರಲಿಲ್ಲ. ಆ ಮುದುಕರಿಂದಲೇ ನಾನು ನಿಜವಾದ ಭಾಷೆ ಕಲಿತದ್ದು.

ಒಂದು ಬೆಳಿಗ್ಗೆಯದು ಮಾತ್ರ ಇನ್ನೂ ಮರೆತಿಲ್ಲ. ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದ ಒಬ್ಬ ಅಜ್ಜಿ ತಿಂಡಿ ಹಾಗೇ ಬಿಟ್ಟಿದ್ದರು. ಹಣೆಯ ಮೇಲೆ ಬೆವರು. ಹೊದಿಕೆಯ ಅಂಚನ್ನು ಬೆರಳಲ್ಲಿ ಹಿಸುಕುತ್ತ ನನ್ನನ್ನು ಯಾವುದೋ ಹೆಸರು ಹಿಡಿದು ಕರೆಯುತ್ತಿದ್ದರು. ಸಕ್ಕರೆ ಇಳಿದಿದೆ ಎಂದು ಬಾಗಿಲಲ್ಲೇ ಗೊತ್ತಾಯಿತು. ಆದರೆ ಗ್ಲುಕೋಮೀಟರ್ ಮುಟ್ಟುವ ಅಧಿಕಾರ ನನಗಿರಲಿಲ್ಲ. ಓಡಿ ಹೋಗಿ ಶಿಫ್ಟಿನ ನರ್ಸಿಗೆ ಹೇಳಿದೆ. ಆಕೆ ಮಾತ್ರೆ ಹಂಚುತ್ತಿದ್ದಳು. ಅವರಿಗೆ ಮರೆವಿನ ಕಾಯಿಲೆ, ಬೆಳಿಗ್ಗೆ ಹೊತ್ತು ಹಾಗೇ ಆಡುತ್ತಾರೆ ಅಂದಳು. ಇಲ್ಲ, ಈಗಲೇ ನೋಡಿ, ಈಗಲೇ ಎಂದು ನಾನು ಆಕೆಯ ಟ್ರಾಲಿಗೆ ಅಡ್ಡ ನಿಂತೆ. ಬಂದು ಚುಚ್ಚಿ ನೋಡಿದಳು: 38. ಗ್ಲೂಕೋಸ್ ಕೊಟ್ಟು, ಅಜ್ಜಿ ನೆಟ್ಟಗೆ ಮಾತಾಡತೊಡಗಿದ ಮೇಲೆ ನರ್ಸ್ ನನ್ನ ಹೆಗಲು ತಟ್ಟಿ, ಒಳ್ಳೇ ಕೆಲಸ ಮಾಡಿದೆ, ಫಸ್ಟ್ ಏಡ್ ಎಲ್ಲಿ ಕಲಿತೆ ಎಂದು ಕೇಳಿದಳು. ನಾನು ಡಾಕ್ಟರ್ ಅಂದೆ. ಆಕೆ ಒಂದು ಗಳಿಗೆ ನನ್ನ ಏಪ್ರನ್ ನೋಡಿದಳು. ನಿಮ್ಮ ದೇಶದಲ್ಲಾ ಎಂದು ಕೇಳಿ ಟ್ರಾಲಿ ತಳ್ಳಿಕೊಂಡು ಹೋದಳು. ಕೆಟ್ಟ ಮನಸ್ಸಿನವಳಲ್ಲ ಆಕೆ. ಅವತ್ತು ಸಂಜೆ ಮನೆಗೆ ಬಂದು ನಾನು ಬಾತ್‌ರೂಮಿನ ನಲ್ಲಿ ತಿರುಗಿಸಿ, ಮಗಳಿಗೆ ಕೇಳದಂತೆ ಅತ್ತೆ.

ನಮ್ಮ ಕೆಳಗಿನ ಮನೆಯಲ್ಲಿ ಒಬ್ಬ ಟರ್ಕಿಯ ಹಿರಿಯರಿದ್ದರು. ಅವರ ಕಡೆ ಚಿಕ್ಕಮ್ಮ, ದೊಡ್ಡಮ್ಮನಂಥವರನ್ನು ‘ತೆಯ್‌ಜೆ’ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತಿದ್ದೆ. 1961ರಲ್ಲಿ ಜರ್ಮನಿ ಟರ್ಕಿಯೊಂದಿಗೆ ಒಪ್ಪಂದ ಮಾಡಿಕೊಂಡು ಕಾರ್ಖಾನೆಗಳಿಗೆ ಜನರನ್ನು ಕರೆಸಿಕೊಳ್ಳತೊಡಗಿತಲ್ಲ, ಆ ಅಲೆಯಲ್ಲಿ ಬಂದವರು. ಶಾಲೆ ಮೆಟ್ಟಿಲು ಹೆಚ್ಚು ಹತ್ತಿದವರಲ್ಲ. ಜೀವನವಿಡೀ ಕಾರ್ಖಾನೆಯಲ್ಲಿ ದುಡಿದರು. ಇಲ್ಲಿಯವರು ನಿಮ್ಮನ್ನು ತಮ್ಮವರು ಅಂದುಕೊಂಡಿದ್ದಾರೆಯೇ ಎಂದು ಒಮ್ಮೆ ಕೇಳಿದೆ. ತೆಯ್‌ಜೆಗೆ ಪ್ರಶ್ನೆಯೇ ವಿಚಿತ್ರವೆನಿಸಿತು. ಪೆನ್ಷನ್ ಬರುತ್ತದೆ, ಡಾಕ್ಟರ್ ಚೆನ್ನಾಗಿ ನೋಡುತ್ತಾರೆ, ಯಾರೂ ಒಂದು ಮಾತು ಆಡಿಲ್ಲ, ಇನ್ನೇನು ಬೇಕು ಅಂದರು. ಅವರ ಮೊಮ್ಮಗಳು ಅಲ್ಲೇ ಕೂತಿದ್ದಳು. ಇಲ್ಲೇ ಹುಟ್ಟಿದವಳು, ಕಾನೂನು ಓದುತ್ತಿದ್ದಳು, ಅವಳ ಜರ್ಮನ್ ಕೇಳಿದರೆ ರೇಡಿಯೋ ಕೇಳಿದಂತಾಗುತ್ತಿತ್ತು. ‘ಅಜ್ಜಿಗೆ ಆಡಿದ್ದು ಅರ್ಥವಾಗಿಲ್ಲ ಅಷ್ಟೇ’ ಎಂದಳು ಅವಳು. ಬಾಡಿಗೆ ಮನೆಗೆ ಅರ್ಜಿ ಹಾಕಿದರೆ ಹೆಸರು ನೋಡಿಯೇ ಉತ್ತರ ಬರುವುದಿಲ್ಲ, ನೀನು ನಿಜವಾಗಿ ಎಲ್ಲಿಯವಳು ಎಂದು ಪ್ರೊಫೆಸರೇ ಕೇಳುತ್ತಾರೆ ಎಂದು ಒಂದೊಂದಾಗಿ ಹೇಳಿದಳು. ಇಷ್ಟು ಓದಿದ ಹುಡುಗಿಗೆ ಯಾಕಿಷ್ಟು ಸಿಟ್ಟು ಎಂದು ಆಗ ನಾನು ಅಂದುಕೊಂಡೆ.

2015ರಲ್ಲಿ ಸುಮಾರು ಒಂಬತ್ತು ಲಕ್ಷ ಜನ ಆಶ್ರಯ ಕೇಳಿಕೊಂಡು ಈ ದೇಶಕ್ಕೆ ಬಂದರು. ಆ ವರ್ಷಗಳಲ್ಲಿ ನಮ್ಮ ಮೇಲಿನ ಹಂತದ ಭಾಷಾ ತರಗತಿ ತುಂಬಿ ತುಳುಕುತ್ತಿತ್ತು. ನನ್ನ ಪಕ್ಕದಲ್ಲಿ ಅಲೆಪ್ಪೊದ ಒಬ್ಬ ಸಿವಿಲ್ ಎಂಜಿನಿಯರ್ ಕೂರುತ್ತಿದ್ದಳು. ರಾತ್ರಿ ಆಫೀಸುಗಳ ನೆಲ ಒರೆಸಿ ಬೆಳಿಗ್ಗೆ ಕ್ಲಾಸಿಗೆ ಬರುತ್ತಿದ್ದಳು. ಅವಳ ಸರ್ಟಿಫಿಕೇಟುಗಳು ಮನೆಯೊಂದಿಗೆ ಸುಟ್ಟುಹೋಗಿದ್ದವು. ನನಗಾದರೆ ಬಸ್ಸಿನಲ್ಲಿ ಓಡಾಡುವ ಅಪ್ಪ ಇದ್ದರು.

ವೈದ್ಯಕೀಯ ಜರ್ಮನ್ ಪರೀಕ್ಷೆ ಒಂದು ಗಂಟೆಯದು. ಇಪ್ಪತ್ತು ನಿಮಿಷ ರೋಗಿಯ ಜೊತೆ ಮಾತು, ಇಪ್ಪತ್ತು ನಿಮಿಷ ಅದನ್ನು ಬರವಣಿಗೆಯಲ್ಲಿ ಇಳಿಸುವುದು, ಇಪ್ಪತ್ತು ನಿಮಿಷ ಹಿರಿಯ ವೈದ್ಯರಿಗೆ ಕೇಸ್ ಒಪ್ಪಿಸುವುದು. ಅದು ಮುಗಿದ ಮೇಲೆ ಹೆಚ್ಚೆಂದರೆ ಎರಡು ವರ್ಷದ ತಾತ್ಕಾಲಿಕ ಅನುಮತಿ ಸಿಗುತ್ತದೆ. ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದೆ. ಮೊದಲ ವಾರ ಬಿಳಿ ಕೋಟು ಹಾಕಿಕೊಂಡು, ಸ್ಟೆತಸ್ಕೋಪು ಕೊರಳಿಗೆ ನೇತುಹಾಕಿ, ಹೆಸರು ಹೇಳಿ, ನಾನು ನಿಮ್ಮ ವೈದ್ಯೆ ಎಂದು ಪರಿಚಯಿಸಿಕೊಂಡು, ಎದೆ ಪರೀಕ್ಷಿಸಿ, ಔಷಧಿ ಬದಲಾಯಿಸಿ, ಎಲ್ಲ ವಿವರಿಸಿ ಮುಗಿಸಿದ ಮೇಲೆ ಒಬ್ಬ ಮುದುಕರು ನಯವಾಗಿ ಕೇಳಿದರು: ‘ಡಾಕ್ಟರ್ ಯಾವಾಗ ಬರ್ತಾರೆ?’ ಆ ಪ್ರಶ್ನೆಯನ್ನು ಆಮೇಲೆ ಬೇರೆ ಬೇರೆ ಬಾಯಲ್ಲಿ ಕೇಳುತ್ತಲೇ ಬಂದಿದ್ದೇನೆ. ಕೆಲವರು ನೇರವಾಗಿ ಜರ್ಮನ್ ಡಾಕ್ಟರ್ ಬೇಕು ಎಂದರು. ನಮ್ಮ ಮುಖ್ಯ ವೈದ್ಯರು ಅಂಥವರ ಹಾಸಿಗೆ ಬಳಿ ಬಂದು, ಈ ವಾರ್ಡಿನ ಡಾಕ್ಟರ್ ಇವರೇ, ಬೇರೆ ಬೇಕಾದರೆ ಮುಂದಿನ ಆಸ್ಪತ್ರೆ ಅರ್ಧ ಗಂಟೆ ದೂರ ಎಂದು ಹೇಳಿ ಹೋಗುತ್ತಿದ್ದರು. ಆ ಮನುಷ್ಯನ ಋಣ ದೊಡ್ಡದು.

ಜ್ಞಾನಪರೀಕ್ಷೆ 2018ರಲ್ಲಿ ಆಯಿತು. ರೋಗಿಯನ್ನು ಮುಂದಿಟ್ಟುಕೊಂಡು ಮೆಡಿಸಿನ್, ಸರ್ಜರಿ, ತುರ್ತುಚಿಕಿತ್ಸೆ, ಔಷಧಿ, ಕಾನೂನು ಎಲ್ಲವನ್ನೂ ಬಾಯಿಮಾತಿನಲ್ಲಿ ಕೇಳುತ್ತಾರೆ. ಪಾಸಾದೆ. ಪರವಾನಗಿ ಅಂಚೆಯಲ್ಲಿ ಬಂತು. ಅಪ್ಪ ಅದರ ಫೋಟೋವನ್ನು ವಾಟ್ಸಾಪಿನಲ್ಲಿ ಊರಿಗೆಲ್ಲ ಹಂಚಿದರು.

ಇಲ್ಲಿಂದ ನಾನು ಹೇಳಬೇಕಾದದ್ದು. ನನ್ನ ಭಾಷೆ ಗಟ್ಟಿಯಾದಷ್ಟೂ, ಹುದ್ದೆ ಏರಿದಷ್ಟೂ, ಈ ಊರು ನನ್ನದು ಎಂಬ ಭಾವ ಸವೆಯುತ್ತ ಹೋಯಿತು. ಮೊದಲೆಲ್ಲ ಚುನಾವಣೆಯ ಪೋಸ್ಟರಿನಲ್ಲಿ ನನಗೆ ಬಣ್ಣ ಮಾತ್ರ ಕಾಣುತ್ತಿತ್ತು. 2017ರಲ್ಲಿ, ವಲಸಿಗರನ್ನು ವಿರೋಧಿಸುವ ಪಕ್ಷ ಶೇ. 12.6 ಮತ ಪಡೆದು ಮೊದಲ ಬಾರಿ ಸಂಸತ್ತಿಗೆ ಹೋದಾಗ, ಪೋಸ್ಟರುಗಳನ್ನು ಓದುವಷ್ಟು ಕಲಿತಿದ್ದೆ. ಪತ್ರಿಕೆಯ ವಾಚಕರ ವಾಣಿ ಓದುತ್ತಿದ್ದೆ. ಬಸ್ಸಿನಲ್ಲಿ ಹಿಂದಿನ ಸೀಟಿನವರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಆಸ್ಪತ್ರೆಯ ಕಾಫಿ ಕೋಣೆಯಲ್ಲಿ ಸಹೋದ್ಯೋಗಿಯೊಬ್ಬರು ಪರದೇಶದ ಡಾಕ್ಟರುಗಳ ಗುಣಮಟ್ಟದ ಬಗ್ಗೆ ಏನೋ ಅಂದು, ನನ್ನ ಕಡೆ ತಿರುಗಿ, ನೀನಲ್ಲ, ನೀನು ಬೇರೆ ಎಂದರು. ಅದನ್ನು ಪ್ರೀತಿಯಿಂದಲೇ ಹೇಳಿದರು. ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಮಾತು ಕೊರೆಯಿತು. ನಾನು ಯಾರಿಗಿಂತ ಬೇರೆ? ಅಲೆಪ್ಪೊದ ಎಂಜಿನಿಯರ್‌ಗಿಂತಲೇ, ತೆಯ್‌ಜೆಗಿಂತಲೇ?

ಎಷ್ಟು ಚೆಂದ ಜರ್ಮನ್ ಮಾತಾಡ್ತೀರಿ ಎಂಬ ಹೊಗಳಿಕೆಯೂ ಅಷ್ಟೇ. ಸಂತೆಯಲ್ಲಿ ಅದು ಸಿಹಿಯಾಗಿತ್ತು. ಇಡೀ ವಾರ್ಡ್ ನೋಡಿಕೊಳ್ಳುವ ವೈದ್ಯೆಗೆ, ಸಾವಿನ ಸುದ್ದಿಯನ್ನು ಮನೆಯವರಿಗೆ ಅದೇ ಭಾಷೆಯಲ್ಲಿ ತಿಳಿಸಿದ ಮೇಲೆ, ಹಾಗೆ ಹೇಳಿದರೆ ಎದೆಗೆ ಕುಟುಕುತ್ತದೆ. ತೆಯ್‌ಜೆಯ ಮೊಮ್ಮಗಳ ಸಿಟ್ಟು ನನಗೆ ಅರ್ಥವಾದದ್ದು ಆಗ.

ಇದು ನನ್ನೊಬ್ಬಳ ಮನಸ್ಸಿನ ದೌರ್ಬಲ್ಯವಲ್ಲ ಎಂದು ತಿಳಿದದ್ದು ಓದಿನಿಂದಲೇ. ನೆದರ್‌ಲ್ಯಾಂಡ್ಸಿನ ಸಮಾಜವಿಜ್ಞಾನಿಗಳು ಇದನ್ನು ಕಂಡು ‘ಇಂಟಿಗ್ರೇಷನ್ ಪ್ಯಾರಡಾಕ್ಸ್’ ಎಂದು ಹೆಸರಿಟ್ಟಿದ್ದಾರೆ. ಹೆಚ್ಚು ಓದಿದ ವಲಸಿಗರು ಕಡಿಮೆ ಓದಿದವರಿಗಿಂತ ಹೆಚ್ಚು ಭೇದಭಾವವನ್ನು ಗುರುತಿಸುತ್ತಾರೆ, ಸಮಾಜ ತಮ್ಮನ್ನು ಒಪ್ಪಿಕೊಂಡಿದೆ ಎಂಬ ನಂಬಿಕೆ ಅವರಲ್ಲಿ ಹಲವೊಮ್ಮೆ ಕಡಿಮೆ. ಕಾರಣಗಳೂ ಸರಳ. ಓದಿದವರು ಸ್ಥಳೀಯರ ನಡುವೆ ಹೆಚ್ಚು ಬೆರೆಯುತ್ತಾರೆ, ಸುದ್ದಿ ಓದುತ್ತಾರೆ, ಸಮಾನತೆ ತಮ್ಮ ಹಕ್ಕೆಂದು ನಂಬಿರುತ್ತಾರೆ, ತಮ್ಮನ್ನು ತಮ್ಮಷ್ಟೇ ಓದಿದ ಸ್ಥಳೀಯರ ಪಕ್ಕ ಇಟ್ಟು ನೋಡುತ್ತಾರೆ. ನನಗೆ ಇದು ಅಕ್ಷರಶಃ ಸರಿ ಅನಿಸಿತು. ಕೇಳಿದ್ದನ್ನೆಲ್ಲ ಮಾಡಿ ಮುಗಿಸಿದ ಮೇಲೂ ಸಿಗದೆ ಹೋದರೆ ಆ ನೋವಿಗೆ ನೆಪ ಹೇಳಿಕೊಳ್ಳಲಾಗುವುದಿಲ್ಲ. ಭಾಷೆ ಬರದಿದ್ದಾಗ ಭಾಷೆ ಬರುವುದಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು.

ಆ ದಿನಗಳಲ್ಲಿ ಒಂದು ಭಾನುವಾರ ನಾವು ಟ್ಯೂಬಿಂಗೆನ್‌ಗೆ ಹೋಗಿದ್ದೆವು. ನಮ್ಮ ಕಿಟೆಲ್ 1903ರಲ್ಲಿ ತೀರಿಕೊಂಡ ಊರು. 1894ರಲ್ಲಿ ಅವರ ಕನ್ನಡ–ಇಂಗ್ಲಿಷ್ ನಿಘಂಟು ಬಂದ ಮೇಲೆ 1896ರಲ್ಲಿ ಅಲ್ಲಿಯ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1843ರಲ್ಲಿ ‘ಮಂಗಳೂರು ಸಮಾಚಾರ’ ಪತ್ರಿಕೆ ತಂದ ಮೋಗ್ಲಿಂಗ್ ಕೊನೆಯುಸಿರೆಳೆದದ್ದು ನಾವಿರುವ ಎಸ್ಲಿಂಗೆನ್ನಿನಲ್ಲೇ, 1881ರಲ್ಲಿ. ಅವರು ನಮ್ಮ ನಾಡಿಗೆ ಧರ್ಮಪ್ರಚಾರಕ್ಕೆ ಬಂದವರು, ಆಳುವವರ ಬಣ್ಣದವರು. ಅವರ ಸ್ಥಿತಿಗೂ ನನ್ನದಕ್ಕೂ ಹೋಲಿಕೆ ಹಾಕುವುದು ಸರಿಯಲ್ಲ. ಆದರೂ ಇಂದಿಗೂ ನಾವು ಕಿಟೆಲ್ಲರನ್ನು ಕನ್ನಡದವರೆಂದೇ ಎಣಿಸುತ್ತೇವೆ, ಅವರ ಕನ್ನಡ ಪರದೇಶಿಯದಾದರೂ ಚೆನ್ನಾಗಿದೆ ಎಂದು ಯಾರೂ ಹೇಳುವುದಿಲ್ಲ. ಅಂಥದೊಂದು ಒಪ್ಪಿಗೆ ಸಾಧ್ಯ ಎಂಬುದಕ್ಕೆ ಅವರು ಸಾಕ್ಷಿ ಎನಿಸಿ, ಅಂದು ನನಗೆ ಕೊಂಚ ಬಲ ಬಂತು.

ಮಗಳ ವಿಷಯ ಹೇಳದಿದ್ದರೆ ಇದು ಪೂರ್ತಿಯಾಗದು. ನಾವಿರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಾಲ್ಕನೇ ಕ್ಲಾಸಿಗೇ ಮಕ್ಕಳ ದಾರಿ ಕವಲೊಡೆಯುತ್ತದೆ. ನೇರವಾಗಿ ವಿಶ್ವವಿದ್ಯಾಲಯಕ್ಕೆ ಒಯ್ಯುವುದು ಗಿಮ್ನಾಸಿಯುಮ್. ರಿಯಾಲ್‌ಶೂಲೆಯಂಥ ಉಳಿದ ಶಾಲೆಗಳಿಂದ ಅಲ್ಲಿಗೆ ಸುತ್ತು ದಾರಿ. ಹತ್ತು ವರ್ಷದ ಮಗು ಎಲ್ಲಿಗೆ ಹೋಗಬೇಕೆಂದು ಶಾಲೆ ಶಿಫಾರಸು ಕೊಡುತ್ತದೆ. 2020ರ ಆರಂಭದಲ್ಲಿ ಟೀಚರ್ ನಮ್ಮಿಬ್ಬರನ್ನೂ ಕರೆದು ಮಾತಾಡಿದರು. ಮಗಳಿಗೆ ಜರ್ಮನ್‌ನಲ್ಲೂ ಗಣಿತದಲ್ಲೂ ‘ಎರಡು’ ಬಂದಿತ್ತು. ಇಲ್ಲಿ ಒಂದು ಅತ್ಯುತ್ತಮ, ಎರಡು ಉತ್ತಮ. ಟೀಚರ್ ಅವಳನ್ನು ಬಹಳ ಹೊಗಳಿದರು. ಆಮೇಲೆ, ಗಿಮ್ನಾಸಿಯುಮ್ ಬೇಡ, ರಿಯಾಲ್‌ಶೂಲೆಗೆ ಹೋಗಲಿ, ಅಲ್ಲಿ ಒತ್ತಡ ಕಡಿಮೆ, ನಿಮ್ಮ ಮನೆಯಲ್ಲಿ ಜರ್ಮನ್ ಮಾತಾಡುವುದಿಲ್ಲವಲ್ಲ, ಹೋಂವರ್ಕಿಗೆ ಸಹಾಯ ಸಿಗುವುದು ಕಷ್ಟ ಎಂದರು. ನಾನು ಆಗತಾನೇ ನೈಟ್ ಡ್ಯೂಟಿ ಮುಗಿಸಿ, ರಾತ್ರಿಯೆಲ್ಲ ಜರ್ಮನ್‌ನಲ್ಲಿ ಕೇಸ್‌ಶೀಟ್ ಬರೆದು ಅಲ್ಲಿಗೆ ಹೋಗಿದ್ದೆ.

ನನ್ನ ಗಂಡ ಮೇಜಿನ ಕೆಳಗೆ ನನ್ನ ಕೈ ಹಿಡಿದರು. ನಾನು ದನಿ ಏರಿಸಲಿಲ್ಲ. 2012ರಿಂದ ಆಗಿನವರೆಗೂ ಈ ರಾಜ್ಯದಲ್ಲಿ ಶಾಲೆಯ ಶಿಫಾರಸು ಕಡ್ಡಾಯವಾಗಿರಲಿಲ್ಲ, ನಿರ್ಧಾರ ಹೆತ್ತವರದಾಗಿತ್ತು. ಅದು ನನಗೆ ಗೊತ್ತಿತ್ತು. 2001ರ ಕೊನೆಯಲ್ಲಿ ಬಂದ ಮೊದಲ ಪಿಸಾ ವರದಿ, ಮಗುವಿನ ಕಲಿಕೆ ಹೆತ್ತವರ ಸ್ಥಿತಿಗತಿಗೆ ಅತಿ ಬಿಗಿಯಾಗಿ ಅಂಟಿಕೊಂಡಿರುವ ದೇಶಗಳಲ್ಲಿ ಜರ್ಮನಿಯೂ ಒಂದೆಂದು ತೋರಿಸಿ, ಇಡೀ ದೇಶ ಬೆಚ್ಚಿಬಿದ್ದದ್ದನ್ನೂ ಓದಿದ್ದೆ. ಧನ್ಯವಾದ ಹೇಳಿ, ನಾವು ಗಿಮ್ನಾಸಿಯುಮ್‌ಗೆ ಹೆಸರು ಬರೆಸುತ್ತೇವೆ ಎಂದೆ. ತೆಯ್‌ಜೆಯ ಮಗನಿಗೂ ಹಿಂದೆ ಇಂಥದೇ ಸಲಹೆ ಸಿಕ್ಕಿತ್ತಂತೆ. ಟೀಚರ್ ಅಂದಮೇಲೆ ಸರಿಯೇ ಇರುತ್ತದೆ ಎಂದು ತೆಯ್‌ಜೆ ತೋರಿಸಿದ ಕಡೆ ಸಹಿ ಹಾಕಿದ್ದರು. ಅವನು ಈಗ ಟ್ರಕ್ ಓಡಿಸುತ್ತಾನೆ. ಲೆಕ್ಕದಲ್ಲಿ ಅವನಷ್ಟು ಚುರುಕಾದವನು ಆ ಬೀದಿಯಲ್ಲಿಲ್ಲ.

ಓದು ನನಗೆ ಈ ಊರಿನ ಪ್ರೀತಿಯನ್ನು ಗಳಿಸಿಕೊಡಲಿಲ್ಲ. ಆ ದಿನ ಆ ಸಣ್ಣ ಕುರ್ಚಿಯ ಮೇಲೆ ಕೂತು ಬೇಡ ಅನ್ನುವ ಶಕ್ತಿಯನ್ನಂತೂ ಅದೇ ಕೊಟ್ಟದ್ದು. ಮಗಳು ಗಿಮ್ನಾಸಿಯುಮ್‌ನಲ್ಲಿ ಚೆನ್ನಾಗಿ ಓದುತ್ತಿದ್ದಾಳೆ. ಅವಳನ್ನು ಎಲ್ಲಿಯವಳು ಎಂದು ಕೇಳಿದರೆ ಎಸ್ಲಿಂಗೆನ್ ಎನ್ನುತ್ತಾಳೆ. ಅಲ್ಲ, ನಿಜವಾಗಿ ಎಲ್ಲಿಯವಳು ಎಂದು ಮತ್ತೆ ಕೇಳಿದರೆ ಎಸ್ಲಿಂಗೆನ್ನಿನ ಯಾವ ಬೀದಿ ಎಂದು ಹೇಳುತ್ತಾಳೆ. ಅವಳ ಹೊಟ್ಟೆಯೊಳಗೂ ಆ ಮೊಮ್ಮಗಳ ಸಿಟ್ಟು ಬೆಳೆಯುತ್ತಿದೆಯೇನೋ ಎಂಬ ಭಯ ನನಗಿದೆ.

ನಾನು 2023ರಲ್ಲಿ ಮೆಡಿಸಿನ್ ತಜ್ಞೆಯಾದೆ. ಜರ್ಮನ್ ಪೌರತ್ವವಿಲ್ಲದ 60 ಸಾವಿರಕ್ಕೂ ಹೆಚ್ಚು ವೈದ್ಯರು ಈ ದೇಶದಲ್ಲಿದ್ದಾರೆ. ಅವರಿಲ್ಲದಿದ್ದರೆ ಸಣ್ಣ ಊರುಗಳ ಎಷ್ಟೋ ವಾರ್ಡುಗಳಿಗೆ ಬೀಗ ಬೀಳುತ್ತದೆ. ಹೊಸದಾಗಿ ಬಂದವರಿಗೆ ನಮ್ಮ ಮನೆಯಲ್ಲಿ ಶನಿವಾರ ಮಧ್ಯಾಹ್ನ ಪರೀಕ್ಷೆಗೆ ಅಭ್ಯಾಸ ಮಾಡಿಸುತ್ತೇನೆ. ಬಳ್ಳಾರಿಯವರು, ಮಂಗಳೂರಿನವರು, ಸಿರಿಯಾದವರು, ಈಜಿಪ್ಟಿನವರು ಬರುತ್ತಾರೆ. ನಾನು ರೋಗಿಯಾಗಿ ಸೋಫಾದಲ್ಲಿ ಮಲಗುತ್ತೇನೆ, ಅವರು ಪ್ರಶ್ನೆ ಕೇಳುತ್ತಾರೆ, ಬರೆಯುತ್ತಾರೆ, ಒಪ್ಪಿಸುತ್ತಾರೆ. ಪರೀಕ್ಷೆಯಲ್ಲಿ ಬಾರದ ಒಂದು ಭಾಗವನ್ನು ನಾನೇ ಕೊನೆಗೆ ಸೇರಿಸಿದ್ದೇನೆ. ಎಲ್ಲ ಮುಗಿದ ಮೇಲೆ ನಾನು, ‘ಡಾಕ್ಟರ್ ಯಾವಾಗ ಬರ್ತಾರೆ?’ ಎಂದು ಕೇಳುತ್ತೇನೆ. ಮೊದಲ ಸಲ ಎಲ್ಲರೂ ತಡವರಿಸುತ್ತಾರೆ. ಕೆಲವರು ಕ್ಷಮೆ ಕೇಳಿಬಿಡುತ್ತಾರೆ. ‘ನಾನೇ ನಿಮ್ಮ ಡಾಕ್ಟರ್. ಈಗ ಹೇಳಿ, ನೋವು ರಾತ್ರಿ ಹೊತ್ತು ಹೆಚ್ಚೋ, ಹಗಲು ಹೊತ್ತು ಹೆಚ್ಚೋ?’ ಇಷ್ಟೇ ವಾಕ್ಯ. ಮೊದಲರ್ಧ ಹೇಳುವಾಗ ದನಿ ತಗ್ಗಬಾರದು, ಎರಡನೆಯದಕ್ಕೆ ತಡಮಾಡಬಾರದು. ಸರಿಯಾಗುವವರೆಗೆ ಹೇಳಿಸುತ್ತೇನೆ.